ಜನವರಿ-ಫೆಬ್ರವರಿಗಳ ಒತ್ತುವರಿ

ಜನವರಿ ಮತ್ತು ಫೆಬ್ರವರಿ ಎಂಬ ಎರಡು ತಿಂಗಳುಗಳು ಯಾವುದೇ ಮಂಜೂರಾತಿ ಇಲ್ಲದೆ ವರ್ಷದ ಮುಂಭಾಗವನ್ನು ಒತ್ತುವರಿ ಮಾಡಿಕೊಂಡು ಕೂತಿರುವ ಸಂಗತಿ, ಸಾವಿರದ ಒಂಬೈನೂರ ಏಳನೆಯ ಇಸವಿ ಸೆಪ್ಟೆಂಬರ್ ಕೊನೆಯಲ್ಲಿ ತಳಕಿನ ಹುಲ್ಲು ಕಚೇರಿಯಲ್ಲಿ ಪತ್ತೆಯಾಯಿತು. ಅದಕ್ಕೆ ಮುಂಚೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಗೊತ್ತಿದ್ದವರು ಯಾರೂ ಕ್ರಮ ಕೈಗೊಂಡಿರಲಿಲ್ಲ, ಅಷ್ಟೆ.

ಹುಲ್ಲು ಕಚೇರಿ ಎಂದರೆ ಹಗುರಾಗಿ ತಿಳಿಯಬಾರದು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ನರಿಗುಡ್ಡದ ಕಾವಲು ಅಂತ ದೊಡ್ಡ ಹುಲ್ಲುಗಾವಲು ಇತ್ತು. ಮಳೆಗಾಲ ಪೂರ್ತಿ ಆ ಹುಲ್ಲನ್ನು ಕುರಿಗಳಿಂದ ಕಾಪಾಡುವುದು, ಮಳೆಗಾಲ ಕಳೆದ ಮೇಲೆ ಪರವಾನಗಿ ಕೊಟ್ಟು ಅದೇ ಕುರಿಗಳಿಂದ ಮೇಯಿಸುವುದು ಈ ಕಚೇರಿಯ ಕರ್ತವ್ಯ. ಕಾವಲಿನ ಸುತ್ತ ಕಳ್ಳಿ ಬೇಲಿ, ಒಂದೇ ಒಂದು ಗೇಟು. ಪರವಾನಗಿಯಲ್ಲಿ ಬರೆದಿರುವುದಕ್ಕೂ ಗೇಟಿನ ಮುಂದೆ ನಿಂತಿರುವುದಕ್ಕೂ ತಾಳೆಯಾದರೆ ಗೇಟು ತೆಗೆಯಬೇಕು, ಆಗದಿದ್ದರೆ ತೆಗೆಯಕೂಡದು. ಒಂದು ಸಲ ಎಣಿಸುತ್ತಿರುವಾಗಲೇ ಕುರಿಯೊಂದು ಮರಿ ಹಾಕಿ ಲೆಕ್ಕ ಕೆಡಿಸಿತೆಂದು ಇಡೀ ಮಂದೆಯನ್ನು ವಾಪಸು ಕಳಿಸಿದ ಕೀರ್ತಿ ಈ ಕಚೇರಿಗೆ ಇತ್ತು. "ಹೆಸರಿಗೂ ಲೆಕ್ಕಕ್ಕೂ ತಾಳೆ ಇರಬೇಕು" ಎಂದು ದರೋಗಾ ಸೋಮಶೇಖರಪ್ಪನವರು ಹಲ್ಲುಜ್ಜುವಾಗಲೂ ಹೇಳುತ್ತಿದ್ದರು. ದರೋಗಾ ಎಂದರೆ ಆ ಕಚೇರಿಗೆ ಅವರೇ ಯಜಮಾನರು.

ಪತ್ತೆಯಾದ ಮೇಲಿನ ಮೊದಲ ಏಟು ಬಿದ್ದದ್ದು ದೇವಸಮುದ್ರದ ಉಚ್ಚಂಗೆಮ್ಮನಿಗೆ. ಅಕ್ಟೋಬರ್ ಒಂದನೇ ತಾರೀಕು ಬೆಳಿಗ್ಗೆ ಅವಳು ಕುರಿ ಮಂದೆಯನ್ನೂ ಗಂಡ ದೊಡ್ಡಪಾಲಯ್ಯನನ್ನೂ ಹೊಡೆದುಕೊಂಡು ಗೇಟಿನ ಹತ್ತಿರ ಬಂದಳು. ದೊಡ್ಡಪಾಲಯ್ಯ ಮಾತು ಕಮ್ಮಿ. ಇಬ್ಬರ ಪಾಲಿನದನ್ನೂ ಉಚ್ಚಂಗೆಮ್ಮನೇ ಆಡುತ್ತಿದ್ದಳು. ಮಂದೆಯಲ್ಲಿ ಮುಕ್ಕಾಲು ಪಾಲು ಕುರಿ ಗಬ್ಬ. ದೇವಸಮುದ್ರದ ಸುತ್ತಮುತ್ತ ಮೇಯಲು ಬಂಡೆಗಲ್ಲು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಬೇಲಿಯ ಆಚೆ ನೋಡಿದರೆ ಕರಡದ ಹುಲ್ಲು ಮೊಣಕಾಲುದ್ದ ನಿಂತು ಗಾಳಿಗೆ ಓಲಾಡುತ್ತಿತ್ತು. ಒಳಗೆ ಹೋದರೆ ತಾಯಿಗಳ ಕೆಚ್ಚಲಲ್ಲಿ ಹಾಲು ಬರುತ್ತದೆ, ಮರಿಗಳು ಉಳಿಯುತ್ತವೆ. ಹೋಗದಿದ್ದರೆ ಇಲ್ಲ. ಅವಳಿಗೆ ಬೇಕಿದ್ದದ್ದು ಇಷ್ಟೇ, ಬೇರೆ ಏನೂ ಬೇಕಿರಲಿಲ್ಲ.

ಗೇಟಿನ ಕಾವಲುಗಾರ ಬೊಮ್ಮಣ್ಣ ಉರಿಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ.

"ಯಾಕಣ್ಣಾ, ಜ್ವರ ಏನಾರ ಬಂದೈತಾ?" ಎಂದಳು ಉಚ್ಚಂಗೆಮ್ಮ.

"ಜ್ವರ ಅಲ್ಲಕ್ಕಾ. ಯೂನಿಫಾರಂ ಒಗೆದು ಹಾಕೀನಿ, ಇನ್ನೂ ಒಣಗಿಲ್ಲ."

"ಎರಡು ಜೊತೆ ಇದ್ವಲ್ಲ ನಿಂಗೆ?"

"ಯೂನಿ ಅಂದ್ರೆ ಒಂದಂತೆ. ಒಂದು ಅನ್ನೋ ಹೆಸರಿಟ್ಕೊಂಡು ಎರಡು ಹೆಂಗಿರ್ತೈತೆ ಅಂತ ಇನ್ನೊಂದನ್ನ ಜಪ್ತಿ ಮಾಡಿದ್ರು. ದರೋಗರ ಭಾಮೈದ ತೊಟ್ಕೊಂಡು ಓಡಾಡ್ತಾ ಅವ್ನೆ. ಅವನಿಗೂ ಒಂದೇ ಐತೆ, ತಾಳೆ ಆತು."

"ಏಮಿ ಕರ್ಮಮಯ್ಯಾ ಇದಿ!" ಎಂದಳು ಉಚ್ಚಂಗೆಮ್ಮ. ಮನಸ್ಸು ಕೆಟ್ಟಾಗ ಅವಳಿಗೆ ತೆಲುಗು ಬರುತ್ತಿತ್ತು. ಬೊಮ್ಮಣ್ಣ ಕಂಬಳಿ ಸರಿಮಾಡಿಕೊಂಡು ನಡೆದದ್ದನ್ನೆಲ್ಲ ಹೇಳಿದ.

ಹಿಂದಿನ ವಾರ ಒಬ್ಬ ಬಿಳಿ ದೊರೆ ಸಿದ್ದಾಪುರದ ಬಂಡೆಶಾಸನ ನೋಡಲು ಬೈಸಿಕಲ್ಲು ತುಳಿಯುತ್ತ ಹೊರಟವನು, ಚಕ್ರಕ್ಕೆ ಜಾಲಿಮುಳ್ಳು ಚುಚ್ಚಿ ಕಚೇರಿಯಲ್ಲಿ ತಂಗಿದ. ಊಟವಾದ ಮೇಲೆ ಎಲೆಯಡಿಕೆ ಹಾಕುತ್ತ, ಹೊತ್ತು ಹೋಗಬೇಕಲ್ಲ ಅಂತ, ಇಂಗ್ಲಿಷಿನ ಗುಟ್ಟೊಂದನ್ನು ಬಿಚ್ಚಿದ. ರೋಮ್ ಎಂಬ ಹಳೇ ಪಟ್ಟಣದವರು ಲ್ಯಾಟಿನ್ ಅಂತ ಒಂದು ಭಾಷೆ ಆಡುತ್ತಿದ್ದರಂತೆ. ಇಂಗ್ಲಿಷಿನವರು ಎಣಿಕೆಯ ಮಾತುಗಳನ್ನು ಅವರಿಂದ ತಂದು ಹೆಸರುಗಳ ತಲೆಗೆ ಕಟ್ಟಿದ್ದಾರಂತೆ. ಯೂನಿ ಅಂದರೆ ಒಂದು. ಬೈ ಅಂದರೆ ಎರಡು. ಟ್ರೈ ಮೂರು, ಕ್ವಾಡ್ರಿ ನಾಲ್ಕು. ಇನ್ನೂ ಮುಂದೆ ಹೋದರೆ ಸೆಪ್ಟೆಂ, ಆಕ್ಟೊ, ನೊವೆಂ, ಡೆಕೆಂ. "ನಿಮ್ಮ ಸಪ್ತ, ಅಷ್ಟ, ನವ, ದಶ ಇವೆಯಲ್ಲ, ಅವೂ ಇವೂ ಬಹಳ ಹಿಂದೆ ಒಂದೇ ಮನೆಯಿಂದ ಹೊರಟವು" ಎಂದ ದೊರೆ.

ದರೋಗರ ಮೈ ಜುಂ ಎಂದಿತು. ಜೀವಮಾನವಿಡೀ ಕುರಿಗಳಲ್ಲಿ ಹುಡುಕಿದ ತಾಳೆ ಇಂಗ್ಲಿಷಿನ ಒಳಗೇ ಕೂತಿದೆ! ತಕ್ಷಣ ತನಿಖೆಗೆ ಇಳಿದರು. ಬೈಸಿಕಲ್ಲಿನ ಚಕ್ರ ಎಣಿಸಿದರು, ಎರಡು, ತಾಳೆ. ದೊರೆಯ ಕ್ಯಾಮೆರಾ ನಿಲ್ಲಿಸುವ ಟ್ರೈಪಾಡಿನ ಕಾಲು ಎಣಿಸಿದರು, ಮೂರು, ತಾಳೆ. ಕ್ವಾಡ್ರುಪೆಡ್ ಅಂದರೆ ನಾಲ್ಕು ಕಾಲಿನದು ಎಂದದ್ದಕ್ಕೆ ಕಚೇರಿಯ ಕತ್ತೆಯನ್ನು ತರಿಸಿ, ಎಣಿಸಲು ಗುಮಾಸ್ತ ಏಕಾಂತಪ್ಪನಿಗೆ ಹುಕುಂ ಆಯಿತು. ಮೂರು ಕಾಲನ್ನು ಏಕಾಂತಪ್ಪ ಎಣಿಸಿದ. ನಾಲ್ಕನೆಯದನ್ನು ಕತ್ತೆ ತಾನೇ ಮುಂದಾಗಿ ಅವನ ಎದೆಗೆ ಮುಟ್ಟಿಸಿ ಖಾತ್ರಿ ಮಾಡಿತು. ಸೆಂಟಿ ಅಂದರೆ ನೂರು, ಜರಿಹುಳಕ್ಕೆ ಇಂಗ್ಲಿಷಿನವರು ನೂರು ಕಾಲಿನದು ಅಂತಲೇ ಕರೆಯುತ್ತಾರೆ ಎಂದು ದೊರೆ ಬಾಯಿ ಬಿಟ್ಟದ್ದೇ ತಪ್ಪಾಯಿತು. ಗೋಡೆ ಸಂದಿಯಿಂದ ಒಂದು ಜರಿಯನ್ನು ಹಿಡಿದು ಎಣಿಸಿದರೆ ಕಾಲು ನಲವತ್ತೆರಡೇ ಇದ್ದವು.

"ಉಳಿದ ಐವತ್ತೆಂಟು ಕಾಲು ಯಾರು ತಿಂದರು?" ಎಂದು ದರೋಗರು ಏಕಾಂತಪ್ಪನ ಮುಖ ನೋಡಿದರು.

"ನಾನಲ್ಲ ಸ್ವಾಮಿ" ಎಂದ ಏಕಾಂತಪ್ಪ. ಜರಿಯನ್ನು ಸೀಸೆಗೆ ಹಾಕಿ, ಅರಗಿನ ಮೊಹರು ಒತ್ತಿ, ವಿಚಾರಣೆಗೆ ಇಟ್ಟರು.

ಹೀಗೆ ನಡೆದ ತನಿಖೆ ತಿಂಗಳುಗಳ ಹತ್ತಿರ ಬಂತು. ಸಪ್ತಮಿ ಏಳನೆಯದು, ಅಷ್ಟಮಿ ಎಂಟನೆಯದು, ಇದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಿದ್ದ ಮೇಲೆ ಸೆಪ್ಟೆಂಬರ್ ಒಂಬತ್ತನೆಯ ಜಾಗದಲ್ಲಿ ಏನು ಮಾಡುತ್ತಿದೆ? ಡಿಸೆಂಬರ್ ದಶ ಎಂದು ಹೆಸರಿಟ್ಟುಕೊಂಡು ಹನ್ನೆರಡನೆಯ ಮನೆಯಲ್ಲಿ ಯಾಕೆ ಕೂತಿದೆ? ಹಳೇ ರೋಮಿನವರ ವರ್ಷ ಮಾರ್ಚಿಗೆ ಶುರುವಾಗಿ ಹತ್ತೇ ತಿಂಗಳಿಗೆ ಮುಗಿಯುತ್ತಿತ್ತು, ಆಮೇಲೆ ಒಬ್ಬ ರಾಜ ಜನವರಿ ಫೆಬ್ರವರಿ ಅಂತ ಎರಡು ಸೇರಿಸಿದ, ಬರಬರುತ್ತ ಅವು ಮುಂದಕ್ಕೆ ಬಂದು ಕೂತವು ಎಂದು ಹೇಳಿ ದೊರೆ ನಕ್ಕ. ಬೇರೆ ಯಾರೂ ನಗಲಿಲ್ಲ.

"ಸೇರಿಸಿದ ಹುಕುಮಿನ ನಂಬರು ಎಷ್ಟು?" ದರೋಗರು ಕೇಳಿದರು.

"ಎರಡು ಸಾವಿರ ವರ್ಷದ ಮೇಲಾಯಿತು. ಯಾರಿಗೆ ಗೊತ್ತು?"

"ಅಂದರೆ ಮಂಜೂರಾತಿ ಇಲ್ಲ."

ಏಕಾಂತಪ್ಪನ ಅಣ್ಣ ಊರಿಗೆಲ್ಲ ಪಂಚಾಂಗ ಹೇಳುವವನು. ಹಾಗಾಗಿ ಏಕಾಂತಪ್ಪನಿಗೆ ವಿಷಯ ತಟ್ಟನೆ ಹೊಳೆಯಿತು. "ಇದು ಅಧಿಕಮಾಸದ ಕೇಸು ಸ್ವಾಮಿ. ನಮ್ಮಲ್ಲೂ ಎರಡು ಮೂರು ವರ್ಷಕ್ಕೊಂದು ಬರ್ತದೆ. ಆದರೆ ಬಂದ ನೆಂಟರ ಹಾಗೆ ಒಂದು ತಿಂಗಳಿದ್ದು ಹೋಗ್ತದೆ. ಇವರಲ್ಲಿ ಬಂದ ಅಧಿಕಮಾಸಗಳನ್ನ ಕಳಿಸೋದನ್ನೇ ಮರೆತಿದ್ದಾರೆ." ದರೋಗರು ಎದ್ದು ನಿಂತರು. ದೊರೆ ತಾನೇ ಚಕ್ರಕ್ಕೆ ತೇಪೆ ಹಾಕಿಕೊಂಡು, ಕಾಫಿಗೂ ನಿಲ್ಲದೆ ಸಿದ್ದಾಪುರದ ಕಡೆ ತುಳಿದ.

ಮಾರನೆಯ ದಿನ ತಳಕಿನ ಬೀದಿಯಲ್ಲಿ ಡಂಗುರ ಹೊಡೆಸಿದರು.

"ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ: ಜನವರಿ ಬಿನ್ ಡಿಸೆಂಬರ್ ಮತ್ತು ಫೆಬ್ರವರಿ ಬಿನ್ ಜನವರಿ ಎಂಬ ಎರಡು ತಿಂಗಳುಗಳು ವರ್ಷದ ಚೆಕ್ಕುಬಂದಿಯೊಳಗೆ ಅಕ್ರಮವಾಗಿ ನುಗ್ಗಿ ಸ್ವಾಧೀನದಲ್ಲಿರುವುದು ರುಜುವಾತಾಗಿದೆ. ಆದಕಾರಣ ಇನ್ನು ಮುಂದೆ ಏಳನೆಯದನ್ನು ಸೆಪ್ಟೆಂಬರ್, ಎಂಟನೆಯದನ್ನು ಅಕ್ಟೋಬರ್, ಒಂಬತ್ತನೆಯದನ್ನು ನವೆಂಬರ್, ಹತ್ತನೆಯದನ್ನು ಡಿಸೆಂಬರ್ ಎಂದು ಭಾವಿಸತಕ್ಕದ್ದು. ಹನ್ನೊಂದು ಮತ್ತು ಹನ್ನೆರಡನೆಯ ತಿಂಗಳಿಗೆ ಹೆಸರು ಉಳಿಯದ ಕಾರಣ ಆ ಅವಧಿಯಲ್ಲಿ ಕಚೇರಿ ಯಾವ ಕೆಲಸವನ್ನೂ ನಡೆಸುವುದಿಲ್ಲ. ಸದರಿ ಜನವರಿ ಫೆಬ್ರವರಿಗಳಲ್ಲಿ ನಡೆದದ್ದನ್ನು ನಡೆದಿದೆ ಎಂದು ಯಾರೂ ಹೇಳತಕ್ಕದ್ದಲ್ಲ. ಅವುಗಳನ್ನು ಕಂಡವರು ಕೂಡಲೇ ವರದಿ ಮಾಡತಕ್ಕದ್ದು."

ತಳಕಿನ ಜನ ಕೇಳಿ, "ಸರಿ ಬುದ್ಧಿ" ಎಂದು ಅಂಗಡಿಗೆ ವಾಪಸಾದರು.

ಇದನ್ನೆಲ್ಲ ಕೇಳಿದ ಉಚ್ಚಂಗೆಮ್ಮ, "ಆಗ್ಲಿ ಬಿಡಣ್ಣ. ಅವರ ತಿಂಗಳು, ಅವರ ಜಗಳ. ನಮ್ಮ ಕುರಿ ಒಳಗೆ ಬಿಡು" ಎಂದಳು. ಬೊಮ್ಮಣ್ಣ ಕಚೇರಿಯ ಕಡೆ ಕೈ ತೋರಿಸಿದ.

ಸೋಮಶೇಖರಪ್ಪನವರು ಅವಳ ಪರವಾನಗಿಯನ್ನು ಹಿಂದುಮುಂದು ತಿರುಗಿಸಿ ನೋಡಿದರು.

"ಇದು ಅಕ್ಟೋಬರ್ ನವೆಂಬರಿಗೆ ಕೊಟ್ಟದ್ದು. ಇವತ್ತು ಹತ್ತನೇ ತಿಂಗಳ ಮೊದಲನೇ ದಿನ. ದಶ. ಅಂದರೆ ಡಿಸೆಂಬರ್. ಗೊತ್ತಾಯಿತಾ?"

"ಇಲ್ಲ ಬುದ್ಧೀ."

"ನಿನ್ನ ಅವಧಿ ನಿನ್ನೆಗೆ ಮುಗಿಯಿತು. ನಿನ್ನ ಕುರಿ ಮೇದಾಗಿದೆ."

ಉಚ್ಚಂಗೆಮ್ಮ ಹಿಂತಿರುಗಿ ಕುರಿಗಳ ಕಡೆ ನೋಡಿದಳು. ಕುರಿಗಳೂ ಅವಳ ಕಡೆ ನೋಡಿದವು. ಒಂದು ಕುರಿಯ ಮುಖದಲ್ಲೂ ಮೇದ ಕಳೆ ಇರಲಿಲ್ಲ.

"ಮೇದಿದ್ರೆ ಆ ಹುಲ್ಲು ಎಲ್ಲಿಂದ ಬಂತು ಬುದ್ಧೀ? ಮೊಣಕಾಲುದ್ದ ನಿಂತೈತಲ್ಲ!"

"ಅದು ಮೇದಾದ ಮೇಲೂ ಹಟ ಮಾಡಿ ನಿಂತಿರೋ ಹುಲ್ಲು. ಲೆಕ್ಕಕ್ಕೆ ಬರೋದಿಲ್ಲ. ಅದರ ಮೇಲೆ ಪ್ರತ್ಯೇಕ ಕ್ರಮ ನಡೀತಾ ಇದೆ."

ಪ್ರತ್ಯೇಕ ಕ್ರಮವನ್ನು ದರೋಗರ ಮನೆಯ ಎಮ್ಮೆಗಳು ನಡೆಸುತ್ತಿದ್ದವು. ದಿನಾ ಒಂದೊಂದು ಗಾಡಿ ಲೆಕ್ಕಕ್ಕೆ ಬಾರದ ಹುಲ್ಲನ್ನು ಹೇರಿಸಿ ಅವುಗಳ ಮುಂದೆ ಹಾಕಲಾಗುತ್ತಿತ್ತು.

"ಇನ್ನೊಂದು ವಿಷಯ" ಎಂದರು ದರೋಗರು. "ಅವಧಿ ಮುಗಿದ ಮೇಲೆ ನೀನು ಕುರಿ ಹೊರಗೆ ಹೊಡೆದುಕೊಂಡು ಹೋದದ್ದಕ್ಕೆ ಗೇಟಿನಲ್ಲಿ ಎಣಿಕೆ ಆಗಿಲ್ಲ. ಅಂದರೆ ನಿನ್ನ ಕುರಿ ಇನ್ನೂ ಒಳಗೇ ಇವೆ. ಇದು ಅಪರಾಧ."

"ಅಯ್ಯೋ ನಿಮ್ಮ! ನನ್ ಕುರಿ ಇಲ್ಲೇ ನಿಂತಾವಲ್ಲ ಬುದ್ಧೀ, ಕಣ್ಣೆದುರಿಗೆ!"

"ಇವು ಬೇರೆ ಯಾರವೋ ಇರಬಹುದು."

ಅವಳು ಹೊರಗೆ ಬಂದು ಬೇಲಿಯ ನೆರಳಲ್ಲಿ ಕೂತಳು. ಕುರಿಗಳು ಕಳ್ಳಿಯ ಬುಡ ಮೂಸಿದವು, ಬೊಮ್ಮಣ್ಣ ಒಣಹಾಕಿದ್ದ ಯೂನಿಫಾರಂನ ತೋಳು ತಿಂದವು. ದಿನ ಕಳೆದ ಹಾಗೆ ಪಕ್ಕೆಲುಬು ಕಾಣತೊಡಗಿದವು. ಒಂದು ಹಳೇ ಕುರಿ, ಆಚೆ ವರ್ಷ ಅವಳಿ ಮರಿ ಕೊಟ್ಟಿದ್ದದ್ದು, ಮಲಗಿದ್ದು ಮೇಲೇಳಲಿಲ್ಲ. ಉಚ್ಚಂಗೆಮ್ಮ ಅದರ ತಲೆಯನ್ನು ತೊಡೆ ಮೇಲಿಟ್ಟುಕೊಂಡು ತನ್ನ ರೊಟ್ಟಿ ನೆನೆಸಿ ತಿನ್ನಿಸಿದಳು. ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಸಿಟ್ಟು ಬಂತು.

ದೊಡ್ಡಪಾಲಯ್ಯ ಅಷ್ಟು ದಿನಕ್ಕೆ ಒಂದು ಮಾತಾಡಿದ. "ಚಳ್ಳಕೆರೆ ಸಂತೆಗೆ ಹೊಡೆದು ಮಾರಿಬಿಡಾನ ಕಣೇ. ಬಂದಷ್ಟು ಬರ್ಲಿ."

"ಬಾಯಿ ಮುಚ್ಕೊಂಡು ಕೂತ್ಕಾ. ಹೊಟ್ಟೇಲಿ ಮರಿ ಇಟ್ಕೊಂಡಿರೋವನ್ನ ಕಟುಕರಿಗೆ ಕೊಡ್ತೀಯಾ?"

ಅವನು ಬಾಯಿ ಮುಚ್ಚಿಕೊಂಡು ಕೂತ. ಅವನ ಕಣ್ಣೂ ಒದ್ದೆಯಾಗಿತ್ತು.

ಅಷ್ಟರಲ್ಲಿ ಏಕಾಂತಪ್ಪ ನೋಟೀಸು ಹಿಡಿದುಕೊಂಡು ಬಂದ. ಕಾವಲಿನ ಒಳಗೆ ಅವಧಿ ಮೀರಿ ತಂಗಿರುವ ಕುರಿಗಳನ್ನು ಉಚ್ಚಂಗೆಮ್ಮ ತಕ್ಷಣ ತೆರವು ಮಾಡಬೇಕು. ತಪ್ಪಿದರೆ ಕಚೇರಿಯೇ ಅವುಗಳನ್ನು ಒಕ್ಕಲೆಬ್ಬಿಸಿ ಗೇಟಿನಲ್ಲಿ ಎಣಿಸಿ ಹೊರಹಾಕುತ್ತದೆ ಎಂದು ಓದಿ ಹೇಳಿದ.

ಉಚ್ಚಂಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಕಚೇರಿಯ ಒಳಕ್ಕೆ ನುಗ್ಗಿದಳು. ಮೇಜಿನ ಮೇಲೆ ಸೀಸೆಯಲ್ಲಿದ್ದ ಜರಿ ಅವಳ ದನಿಗೆ ಬೆಚ್ಚಿ ಮುದುಡಿತು.

"ಏನ್ರೀ ಬುದ್ಧೀ, ಒಕ್ಕಲೆಬ್ಬಿಸ್ತೀರಾ? ಎಬ್ಬಿಸ್ರಿ ನೋಡಾನ! ಒಳಗೇ ಬಿಡದ ಕುರೀನ ಹೆಂಗ್ರೀ ಹೊರಗೆ ಹಾಕ್ತೀರಿ? ಗೇಟಿನಾಗೆ ಏನನ್ನ ಎಣಿಸ್ತೀರಿ, ನಿಮ್ಮ ಭಾಮೈದನ್ನಾ?"

ಏಕಾಂತಪ್ಪ ಕಣ್ಣು ಮುಚ್ಚಿಕೊಂಡ. ಅವಳ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಬೊಮ್ಮಣ್ಣ ಕಂಬಳಿ ತಲೆ ಮೇಲಕ್ಕೆ ಎಳೆದುಕೊಂಡ. ಆದರೆ ಸೋಮಶೇಖರಪ್ಪನವರು ರೇಗಲಿಲ್ಲ. ಏನೇ ಅಂದರೂ ಅವರು ನಿಯಮ ಬಿಟ್ಟು ನಡೆಯುವ ಮನುಷ್ಯ ಅಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಏಕಾಂತಪ್ಪಾ, ಈಕೆ ಎತ್ತಿರೋದು ಕಾನೂನಿನ ಪ್ರಶ್ನೆ. ಕುರಿ ಒಳಗಿವೆ ಅಂತ ನಾವು ಬರೆದಿದ್ದೀವಿ. ಹೊರಗೆ ಹಾಕುವಾಗ ಗೇಟಿನಲ್ಲಿ ತಾಳೆ ಬರಬೇಕು. ಒಳಗಿಂದ ಒಂದೂ ಬರದೇ ಹೋದರೆ ಕಚೇರಿ ಇಷ್ಟು ಕುರಿ ಕಳೆದುಹಾಕಿದೆ ಅಂತಾಗ್ತದೆ. ಯಾರು ಜವಾಬ್ದಾರಿ?"

"ನಾನಲ್ಲ ಸ್ವಾಮಿ" ಎಂದ ಏಕಾಂತಪ್ಪ, ರೂಢಿಯಂತೆ.

"ಆದ್ದರಿಂದ ಒಕ್ಕಲೆಬ್ಬಿಸುವ ಉದ್ದೇಶಕ್ಕಾಗಿ ಮಾತ್ರ, ಕುರಿಗಳನ್ನ ಒಳಗೆ ಬಿಡತಕ್ಕದ್ದು."

ಬೊಮ್ಮಣ್ಣ ಓಡಿಹೋಗಿ ಗೇಟು ತೆಗೆದ. ಕುರಿಗಳು ಒಕ್ಕಲೆಬ್ಬಿಸಿಕೊಳ್ಳಲು ಒಂದನ್ನೊಂದು ತಳ್ಳಿಕೊಂಡು ಒಳಗೆ ನುಗ್ಗಿದವು. ಎದ್ದೇಳದ ಹಳೇ ಕುರಿಯನ್ನು ದೊಡ್ಡಪಾಲಯ್ಯ ಹೆಗಲ ಮೇಲೆ ಹೊತ್ತು ಹುಲ್ಲಿನ ನಡುವೆ ಇಳಿಸಿದ. ಅದು ಮಲಗಿದಲ್ಲೇ ಕತ್ತು ಚಾಚಿ ಕರಡದ ಒಂದು ಕುಚ್ಚು ಕಿತ್ತು ಬಾಯಿಗೆ ಹಾಕಿಕೊಂಡಿತು. ಉಚ್ಚಂಗೆಮ್ಮ ಹಾಗೇ ನೆಲದ ಮೇಲೆ ಕುಸಿದು ಕೂತು, "ಸದ್ಯ, ಬದುಕಿದೆ ನಮ್ಮವ್ವ" ಎಂದಳು.

ಇನ್ನು ಒಕ್ಕಲೆಬ್ಬಿಸುವುದೆಂದರೆ ಸುಮ್ಮನೆ ಹುಶ್ ಅನ್ನುವುದಲ್ಲ. ಮೊದಲು ನೋಟೀಸು, ಅದಕ್ಕೆ ಜವಾಬು, ಜವಾಬಿನ ಮೇಲೆ ಷರಾ, ಆಮೇಲೆ ಸ್ಥಳ ತನಿಖೆ. ಸ್ಥಳ ತನಿಖೆಗೆ ಬಂದ ಸೋಮಶೇಖರಪ್ಪನವರು ಕುರಿಗಳು ಅಕ್ರಮವಾಗಿ ಮೇಯುತ್ತಿರುವುದನ್ನು ಕಣ್ಣಾರೆ ಕಂಡು, ಉಚ್ಚಂಗೆಮ್ಮ ಕೊಟ್ಟ ರೊಟ್ಟಿ ತಿಂದು ಹೋದರು. ಅಷ್ಟು ಹೊತ್ತಿಗೆ ಹತ್ತನೇ ತಿಂಗಳು ಮುಗಿಯಿತು. ಹನ್ನೊಂದು ಹನ್ನೆರಡನೆಯವಕ್ಕೆ ಹೆಸರಿಲ್ಲ, ಹೆಸರಿಲ್ಲದ ತಿಂಗಳಲ್ಲಿ ವಿಚಾರಣೆ ಇಡುವ ಹಾಗಿಲ್ಲ. ಅದರಾಚೆ ಜನವರಿ ಫೆಬ್ರವರಿ, ಅವು ಇಲ್ಲವೇ ಇಲ್ಲ. ಹೀಗಾಗಿ ವಿಚಾರಣೆಯನ್ನು ಮಾರ್ಚಿಗೆ ಮುಂದೂಡಲಾಯಿತು. ಎರಡು ತಿಂಗಳ ಪರವಾನಗಿ ತಂದಿದ್ದ ಉಚ್ಚಂಗೆಮ್ಮ ಐದು ತಿಂಗಳು ಒಕ್ಕಲೆಬ್ಬಿಸಿಕೊಂಡಳು. ಕುರಿಗಳ ಬೆನ್ನು ಹೊಳೆಯಿತು, ಕೆಚ್ಚಲು ತುಂಬಿತು. ಸಂಕ್ರಾಂತಿಯ ಆಸುಪಾಸಿನಲ್ಲಿ ಮರಿಗಳು ಸಾಲುಸಾಲಾಗಿ ಹುಟ್ಟಿ ನೆಗೆದಾಡಿದವು. ಹಳೇ ಕುರಿಯೂ ಒಂದು ಹೆಣ್ಣುಮರಿ ಹಾಕಿತು.

ಒಂದು ದಿನ ಎರಡು ಗಂಡುಮರಿ ಕಾಣಲಿಲ್ಲ. ದರೋಗರ ಮನೆಯ ಕಡೆಯಿಂದ ಮಸಾಲೆಯ ಘಮ ಬಂತು. ಉಚ್ಚಂಗೆಮ್ಮ ಹೋಗಿ ಕೇಳಿದಳು.

"ಮರಿ ಯಾವಾಗ ಹುಟ್ಟಿದ್ದು?" ಎಂದರು ಸೋಮಶೇಖರಪ್ಪನವರು, ಬಾಯಿ ಒರೆಸಿಕೊಳ್ಳುತ್ತ.

"ಹಬ್ಬದ ಆಚೆ ದಿನ ಬುದ್ಧೀ, ಇದೇ ಜನವರೀಲಿ."

"ಜನವರಿ ಇಲ್ಲ. ಇಲ್ಲದ ತಿಂಗಳಲ್ಲಿ ಹುಟ್ಟಿದ ಮರಿಯೂ ಇಲ್ಲ. ಇಲ್ಲದ ಮರಿ ಕಳೆದುಹೋಗೋದಿಲ್ಲ."

ಅವಳಿಗೆ ಹೊಟ್ಟೆ ಉರಿಯಿತು. ಆದರೂ ನುಂಗಿಕೊಂಡು ಬಂದಳು. ಮಾರ್ಚಿನಲ್ಲಿ ಒಕ್ಕಲೆಬ್ಬಿಸುವ ದಿನ ಗೇಟಿನಲ್ಲಿ ಏಕಾಂತಪ್ಪ ಮರಿಗಳಿಗೂ ಮೇವಿನ ಸುಂಕ ಕೇಳಿದಾಗ, "ಯಾವ ಮರಿ ಬುದ್ಧೀ? ನನಗಂತೂ ಒಂದೂ ಕಾಣಾಕಿಲ್ಲ" ಎಂದು, ಕಾಲಿಗೆ ತೊಡರುತ್ತ ಅರಚುತ್ತಿದ್ದ ಆ ಇಲ್ಲದ ಮರಿಗಳನ್ನೆಲ್ಲ ಹೊಡೆದುಕೊಂಡು ಹೊರಟಳು. ಏಕಾಂತಪ್ಪನಿಗೆ ತಾಳೆಯಾಯಿತು. ಪರವಾನಗಿಯಲ್ಲಿದ್ದಷ್ಟೇ ಕುರಿ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ವರದಿ ಮೇಲಿನ ಕಚೇರಿಗೆ ಹೋಯಿತು. ಪರಿಶೀಲಿಸಲಾಯಿತು, ಕ್ರಮ ಸರಿ ಇದೆ, ಮುಂದುವರಿಸುವುದು ಎಂದು ಷರಾ ಬಂತು. ಜನವರಿ ಫೆಬ್ರವರಿಗಳನ್ನು ತೆರವು ಮಾಡುವ ಬಗ್ಗೆ ರೋಮಿನವರ ಅಭಿಪ್ರಾಯ ಕೇಳಲಾಗಿದೆ ಎಂದೂ ಅದರಲ್ಲಿ ತಿಳಿಸಿದ್ದರು. ಮಾರನೆಯ ವರ್ಷದಿಂದ ಪರವಾನಗಿ ಕೇಳಿಕೊಂಡು ಬರುವವರೇ ನಿಂತುಹೋದರು. ದೇವಸಮುದ್ರದಿಂದ, ಸಿದ್ದಾಪುರದಿಂದ ಕುರಿಯವರು ಬಂದು ಸಾಲಾಗಿ ಕೂತು, "ನಮ್ಮನ್ನೂ ಒಕ್ಕಲೆಬ್ಬಿಸ್ರಿ ಬುದ್ಧೀ" ಎಂದು ಕೈ ಮುಗಿಯತೊಡಗಿದರು. ದರೋಗರು ಒಬ್ಬೊಬ್ಬರಿಂದ ಹುಟ್ಟದ ಮರಿ ಎರಡೆರಡು ಮುಂಗಡ ಹೇಳಿಸಿಕೊಂಡು, ಯಾರಿಗೂ ಇಲ್ಲ ಎನ್ನದೆ ನೋಟೀಸು ಜಾರಿ ಮಾಡಿದರು.

ಆ ವರ್ಷ ಮೊಳಕಾಲ್ಮೂರು ಸಂತೆಯಲ್ಲಿ ಉಚ್ಚಂಗೆಮ್ಮನ ದೂರದ ನೆಂಟಳು ನಿಂಗಕ್ಕ ಸಿಕ್ಕಿ, "ಹೆಂಗಿದಾವಕ್ಕಾ ಕುರಿ? ಮೇವಿಗೆ ಏನು ಮಾಡ್ತೀಯಾ?" ಎಂದು ಕೇಳಿದಳು.

"ಏನೂ ಯೋಚನೆ ಇಲ್ಲ ಕಣವ್ವ" ಎಂದಳು ಉಚ್ಚಂಗೆಮ್ಮ, ಬಾಯ್ತುಂಬ ಎಲೆಯಡಿಕೆ ಅಗಿಯುತ್ತ. "ದೇವರು ದೊಡ್ಡೋನು, ಈ ಸಲಾನೂ ಒಕ್ಕಲೆಬ್ಬಿಸ್ತಾ ಅವ್ರೆ. ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಒಕ್ಕಲೆಬ್ಬಿಸ್ತಾ ಇರ್ಲಿ."